ಮೂಗು ಹಿಡಿದುಕೊಂಡು ಉಂಡವರು

೧೯೮೬ರಲ್ಲಿ ಏಳನೇ ಕ್ಲಾಸಿಗೆ ಓದು ನಿಲ್ಲಿಸಿ, ತಿ. ನರಸೀಪುರದಲ್ಲಿ ಅಪ್ಪನ ಜೊತೆ ಮದುವೆ ಅಡುಗೆಯ ಒಲೆ ಮುಂದೆ ನಿಂತವನು ನಾನು. ಸಾವಿರ ಎಲೆಯ ಊಟವಾದರೂ ಒಬ್ಬರಿಂದ ಒಂದು ಮಾತು ಅನ್ನಿಸಿಕೊಂಡವನಲ್ಲ. ಹಾಗಾಗಿ ನಂಜನಗೂಡಿನ ಒಂದು ಮದುವೆಯಲ್ಲಿ, ಮೊದಲ ಪಂಕ್ತಿಯಲ್ಲೇ ಕೂತ ಹೆಂಗಸೊಬ್ಬರು ಎಡಗೈಯಲ್ಲಿ ಮೂಗು ಬಿಗಿಯಾಗಿ ಹಿಡಿದುಕೊಂಡು ನನ್ನ ಪಾಯಸ ಬಾಯಿಗಿಟ್ಟಿದ್ದು ನೋಡಿ ಮೈಯೆಲ್ಲ ಉರಿಯಿತು. ಸೌಟು ಹಿಡಿದೇ ಹೋದೆ.

"ಯಾಕವ್ವಾ, ನನ್ ಅಡ್ಗೆ ನಾರ್ತಾ ಅದಾ?"

ಅವರು ಮೂಗು ಬಿಟ್ಟರು. ಕಣ್ಣು ಮುಚ್ಚಿ ನಕ್ಕರು. "ಈಗ ಬಂತು ನೋಡ್ರೀ ಏಲಕ್ಕಿ! ತಗೊಳ್ಳಿ ಈ ಹಣ್ಣು. ಮೂಗು ಹಿಡ್ಕೊಂಡು ತಿನ್ನಿ."

ರಸಬಾಳೆ. ಮನೆಯಲ್ಲಿ ಒಂದು ಚಿಪ್ಪಿದ್ದರೆ ಬೀದಿಗೆಲ್ಲ ಗೊತ್ತಾಗುವ ಹಣ್ಣು. ಮೂಗು ಹಿಡಿದು ಅಗಿದರೆ ಬರೀ ಸಿಹಿ, ಬರೀ ಮೆತ್ತಗೆ. ಕೈ ತೆಗೆದೆ. ಬಾಯೊಳಗೇ ಹಣ್ಣು ಹುಟ್ಟಿದಂತಾಯಿತು.

"ನಾಲಿಗೆ ಸಿಹಿ ಅಂತ ಮಾತ್ರ ಹೇಳತ್ತೆ. ರಸಬಾಳೆ ಅಂತ ಹೇಳೋದು ಮೂಗು. ಎರಡನ್ನೂ ಸೇರಿಸಿ ರುಚಿ ಕಟ್ಟೋದು ಇಲ್ಲಿ" ಎಂದು ತಲೆ ತಟ್ಟಿಕೊಂಡರು. "ಇಲ್ಲೂ ಒಂದು ಅಡುಗೆಮನೆ ಇದೆ ಕಣ್ರೀ."

ಅವರು ವಿಶಾಲಾಕ್ಷಿ ಮೇಡಂ, ನಂಜನಗೂಡಿನವರೇ. ನಾಲಿಗೆಯ ಸುದ್ದಿ, ಮೂಗಿನ ಸುದ್ದಿ ಮೆದುಳಿಗೆ ಹೇಗೆ ಮುಟ್ಟುತ್ತದೆಂದು ಹುಡುಕುವ ವಿಜ್ಞಾನಿ. ಅಂದಿನಿಂದ ರಜೆಗೆ ಊರಿಗೆ ಬಂದಾಗಲೆಲ್ಲ ನನ್ನ ಒಲೆ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದರು. ಹಸಿಮೆಣಸಿನಕಾಯಿ ಕಚ್ಚಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಗಡಿಯಾರ ನೋಡುತ್ತಿದ್ದರು, ಖಾರ ಎಷ್ಟು ಹೊತ್ತಿಗೆ ಇಳಿಯಿತು ಅಂತ. ಯಾರು ಏನೇ ಹೇಳಲಿ, ಒಂದೇ ಮಾತು: "ಹೌದಾ? ನೋಡೇಬಿಡೋಣ."

ದೇವರಿಗೆ ಎಡೆ ಇಡುವ ಮುಂಚೆ ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವುದು ನಮ್ಮಲ್ಲಿಲ್ಲ. ಆವಿಗೆ ಮೂಗೊಡ್ಡಿಯೇ ಉಪ್ಪು ತಿಳಿಯುತ್ತೇವೆಂದು ಅಪ್ಪ ನಂಬಿದ್ದರು, ನಾನೂ ನಂಬಿದ್ದೆ.

"ಉಪ್ಪಿಗೆ ವಾಸನೆ ಇಲ್ವಲ್ಲ ಶಿವಣ್ಣ," ಅಂದರು ಮೇಡಂ.

"ನಿಮ್ ಮೂಗ್ಗೆ ಇಲ್ದೆ ಇರ್ಬೋದು."

"ಹೌದಾ? ನೋಡೇಬಿಡೋಣ."

ಮೂಗೂರಿನ ಒಂದು ಗೃಹಪ್ರವೇಶದಲ್ಲಿ ಊಟವೆಲ್ಲ ಮುಗಿದ ಮೇಲೆ ಎರಡು ಪಾತ್ರೆಯಲ್ಲಿ ಸಪ್ಪೆ ಸಾರು ಕುದಿಸಿ, ನನ್ನನ್ನು ಆಚೆ ಕಳಿಸಿ, ಒಂದಕ್ಕೆ ಉಪ್ಪು ಹಾಕಿದರು. ನಾನು ಬಂದು ಆವಿ ಎಳೆದು "ಇದೇ" ಅಂದೆ. ಬಾಯಿಗಿಟ್ಟರೆ ಸಪ್ಪೆ. ಪಾತ್ರೆ ಅದಲು ಬದಲು ಮಾಡಿದರು. ಮತ್ತೆ ಸಪ್ಪೆ. ಮೊದಲಿಂದ ನನ್ನ ಜೊತೆ ದುಡಿಯುತ್ತಿರುವ ಮಾದೇವ, "ಅಣ್ಣೋ, ಇವತ್ತು ನೆಗ್ಡಿ ಇರ್ಬೇಕು ಕಣ" ಎಂದು ಕಿಸಕ್ಕನೆ ನಕ್ಕ. ನಾನು ಮೇಡಂ ಜೊತೆ ಮಾತು ಬಿಟ್ಟೆ.

ಅವರು ಮಣೆ ಬಿಡಲಿಲ್ಲ. ಮುಂದಿನ ಅಡುಗೆಗಳಲ್ಲೂ ಕೂತು ನನ್ನ ಕೈಯನ್ನೇ ನೋಡಿದರು. ಕೊನೆಗೊಂದು ದಿನ ಹೇಳಿದರು: "ಉಪ್ಪು ನಿಮ್ಮ ಮೂಗಲ್ಲಿಲ್ಲ ಶಿವಣ್ಣ, ಕೈಲಿದೆ. ಕೊಳಗದಲ್ಲಿ ಸಾರು ಎಲ್ಲಿವರೆಗೆ ಬಂತು ಅಂತ ಕಣ್ಣು ಅಳೆಯತ್ತೆ, ಕೈ ಅಷ್ಟೇ ಎತ್ತತ್ತೆ. ನಿಮಗೇ ಗೊತ್ತಾಗಲ್ಲ. ಆಮೇಲೆ ಮೂಗು ಬಂದು ಹೆಸರು ಹೊಡ್ಕೊಳತ್ತೆ."

ಸಮಾಧಾನದ ಮಾತು ಅಂದುಕೊಂಡು ಬಿಟ್ಟುಬಿಟ್ಟೆ.

ಆಮೇಲೆ ಕೊರೊನಾ. ಜ್ವರ ಬಿಟ್ಟಿತು, ವಾಸನೆ ಮರಳಲಿಲ್ಲ. ಇಂಗು ಮೂಗಿಗೆ ತಿಕ್ಕಿಕೊಂಡರೂ ಇಲ್ಲ. ನಂಜನಗೂಡಿನಲ್ಲಿ ಒಂದು ದೊಡ್ಡ ಮದುವೆ ಒಪ್ಪಿಕೊಂಡಿದ್ದೆ. ಹೆಂಡತಿಗೂ ಹೇಳದೆ ಮೇಡಂಗೆ ಫೋನು ಮಾಡಿದೆ.

"ವಾಪಸ್ ಬತ್ತದಾ ಮೇಡಂ?"

"ಬರಬೋದು. ಬರದೇನೂ ಇರಬೋದು. ಸುಳ್ಳು ಹೇಳಲ್ಲ."

"ಅಂಗಾರೆ ನನ್ ಕಸ್ಬು ಮುಗೀತು ಅನ್ನಿ."

"ಯಾಕೆ? ಉಪ್ಪು ಕೈಲಿದೆ ಅಂತ ನೋಡಿದೀವಲ್ಲ. ಉಪ್ಪಿಗೆ ಹೆದರಬೇಡಿ. ಒಗ್ಗರಣೆಗೆ ಹೆದರಿ; ಮೆಂತ್ಯ ಸೀದರೆ ನಿಮಗೆ ಗೊತ್ತಾಗಲ್ಲ. ಅಲ್ಲಿ ಮಾದೇವನನ್ನ ನಿಲ್ಲಿಸಿ."

ಮಾದೇವನಿಗೆ ಹೇಳುವುದೇ ಕಷ್ಟವಾಯಿತು. ಮದುವೆಯ ಬೆಳಿಗ್ಗೆ ಒಲೆ ಹಚ್ಚುವಾಗ ಹೇಳಿದೆ: "ವಾಸ್ನೆ ಒಂಟೋಗದೆ ಕಣ್ಲಾ."

ಅವನು ಈ ಸಲ ನಗಲಿಲ್ಲ. "ಒಗ್ಗರ್ಣೆ ನಂಗೆ ಬುಡಣ್ಣ," ಅಂದ, ಅಷ್ಟೇ.

ನಾನು ಮೂಗೊಡ್ಡದೆ, ಕೈ ಎತ್ತಿದಷ್ಟು ಉಪ್ಪು ಹಾಕಿದೆ. ಪಂಕ್ತಿಯ ಕೊನೆವರೆಗೆ ಬೆವರುತ್ತ ನಿಂತೆ. ಯಾರೂ ಉಪ್ಪು ಕೇಳಲಿಲ್ಲ.

ದಿನಾ ಬೆಳಿಗ್ಗೆ ಲವಂಗ, ನಿಂಬೆಸಿಪ್ಪೆ, ಜೀರಿಗೆ, ರಸಬಾಳೆ ಮೂಸಿ, ಒಂದೊಂದರ ಹಳೇ ವಾಸನೆ ನೆನೆಸಿಕೊಳ್ಳಬೇಕೆಂದು ಮೇಡಂ ಹೇಳಿಕೊಟ್ಟರು. ಭಾನುವಾರ ಫೋನು ಬರುತ್ತಿತ್ತು, ನೆಂಟರ ವಿಚಾರ ಕೇಳುವ ಹಾಗೆ: "ಈ ವಾರ ಯಾರು ಬಂದ್ರು ಶಿವಣ್ಣ?" ಲವಂಗ ಬಂದ ದಿನ ನಾನೇ ಫೋನು ಮಾಡಿದೆ. "ಹೌದಾ? ಇನ್ನೊಂದ್ಸಲ ಮೂಸಿ, ನೋಡೇಬಿಡೋಣ" ಅಂದರು.

ಹೋದ ವರ್ಷ ಅವರು ತೀರಿಕೊಂಡರು. ನಂಜನಗೂಡಿನ ಮನೆಯಲ್ಲಿ ಶಿವಗಣಾರಾಧನೆಯ ಅಡುಗೆ ನಮ್ಮದೇ. ಉಪ್ಪು ನಾನು, ಒಗ್ಗರಣೆ ಮಾದೇವ. ಎಲ್ಲರ ಊಟವಾದ ಮೇಲೆ ಅವರ ಫೋಟೊ ಮುಂದೆ ನಿಂತು ರಸಬಾಳೆ ಸುಲಿದೆ. ಮೂಗು ಹಿಡಿದು ಅಗಿದೆ. ಕೈ ತೆಗೆದೆ. ಬರೀ ಸಿಹಿ.

ಈಗ ನನ್ನ ಹತ್ತಿರ ಇರುವುದು ಹನ್ನೆರಡು ಕೊಳಗ, ಒಂದು ಟೆಂಪೊ, ಮಾದೇವನೂ ಸೇರಿ ಐದು ಜನ, ಎರಡು ವಾಸನೆ: ಲವಂಗ, ನಿಂಬೆಸಿಪ್ಪೆ. ರಸಬಾಳೆ ಇನ್ನೂ ಬಂದಿಲ್ಲ.