ಬಸ್ಸು ಮೊದಲು, ಬೆಂಬಲ ಆಮೇಲೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯೆದುರಿನ ಬಸ್ ನಿಲ್ದಾಣದಲ್ಲಿ ರಾತ್ರಿ ಪಾಳಿ ಮುಗಿಸಿದ ಆಯಾಗಳು ಚಪ್ಪಲಿ ಬಿಟ್ಟು ಕಾಲು ನೀವಿಕೊಳ್ಳುತ್ತಿದ್ದಾರೆ. ಅವರ ನಡುವೆ ನಿಂತು ರಸ್ತೆಯ ತಿರುವನ್ನೇ ನೋಡುತ್ತಿರುವವರು ದೊಡ್ಡಕ್ಕ. ವಯಸ್ಸಿನಲ್ಲಿ ಇವರಿಗಿಂತ ದೊಡ್ಡವರಾದ ಪಕ್ಷದ ಅಧ್ಯಕ್ಷರೂ ಹಾಗೇ ಕರೆಯುತ್ತಾರೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಉಳಿದ ಹೊತ್ತು ಒಂದು ಪುಟ್ಟ ಪಕ್ಷದ ಕಾರ್ಯಕರ್ತೆ. ಪೇಪರಿನಲ್ಲಿ ಇವರ ಫೋಟೊ ಎಂದೂ ಬಂದಿಲ್ಲ. ಆದರೆ ಇವತ್ತು ಸರ್ಕಾರ ಉಳಿಯುವುದೂ ಉರುಳುವುದೂ ಇವರು ಮಾಡುವ ಒಂದು ಫೋನಿನ ಮೇಲಿದೆ.

ಆಡಳಿತ ಪಕ್ಷಕ್ಕೆ ಬಹುಮತವಿಲ್ಲ. ದೊಡ್ಡಕ್ಕನ ಪಕ್ಷದ ಆರು ಶಾಸಕರು ಹೊರಗಿನಿಂದ ಕೊಟ್ಟ ಬೆಂಬಲದಲ್ಲಿ ಅದು ಉಸಿರಾಡುತ್ತಿದೆ. ಇವತ್ತು ಬಜೆಟ್ ಮತಕ್ಕೆ ಬರುತ್ತದೆ. ಹಿಂದಿನ ಸರ್ಕಾರ ನಿಲ್ಲಿಸಿದ್ದ ನಸುಕಿನ ಬಸ್ಸು ಈ ಬೆಳಿಗ್ಗೆ ಮತ್ತೆ ಓಡಿದರೆ ಆರೂ ಕೈ ಮೇಲೇಳುತ್ತವೆ, ಇಲ್ಲವಾದರೆ ಇಲ್ಲ. ಪಕ್ಷದ ಸಭೆಯಲ್ಲಿ ಹಟ ಹಿಡಿದು ಈ ಷರತ್ತು ಹಾಕಿಸಿದವರು ಇವರೇ.

ಹೋದ ವರ್ಷ, ಬಸ್ಸು ಬಿಡುತ್ತೇವೆಂಬ ಬರೀ ಮಾತು ನಂಬಿ ಪಕ್ಷ ಬಜೆಟ್ಟಿಗೆ ಕೈ ಎತ್ತಿತ್ತು. ಅದೂ ಸಾಲದೆಂದು ಇದೇ ನಿಲ್ದಾಣದಲ್ಲಿ 'ಬಸ್ಸು ತಂದವರು ನಾವು' ಎಂಬ ಪೋಸ್ಟರ್ ಅಂಟಿಸಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ! ಬಸ್ಸು ಬರಲೇ ಇಲ್ಲ.

"ಆ ಪೋಸ್ಟರ್ ನಾನೇ ಕೆರೆದು ತೆಗ್ದೆ," ಎನ್ನುತ್ತಾರೆ ದೊಡ್ಡಕ್ಕ. "ಇವರೆಲ್ಲ ನೋಡ್ತಾ ನಿಂತಿದ್ರು. ಬೈದಿದ್ರೂ ತಡ್ಕೋತಿದ್ದೆ. ಚಪ್ಪಲಿ ಮೆಟ್ಕೊಂಡು ಮನೆವರೆಗೂ ನಡ್ಕೊಂಡೇ ಹೋದ್ರು."

ಈ ಸಲ ಸರ್ಕಾರ ಬೀಳಿಸೋಣ ಎಂದು ಪಕ್ಷದ ಯುವಕರು ಕುಣಿದರು. ಹಿರಿಯರಿಗೆ ಮಂತ್ರಿ ಕುರ್ಚಿಯ ಮೇಲೆ ಕಣ್ಣು. ದೊಡ್ಡಕ್ಕ ಎರಡಕ್ಕೂ ಜಗ್ಗಲಿಲ್ಲ. "ಬೀಳಿಸಿದ್ರೆ ಬಸ್ ನಿಲ್ಲಿಸಿದವರೇ ವಾಪಸ್ ಬರ್ತಾರೆ. ಕುರ್ಚಿ ಹಿಡಿದ್ರೆ ಈ ಸರ್ಕಾರ ಮಾಡಿದ್ದಕ್ಕೆಲ್ಲ ನಾವೂ ಹೂಂ ಅನ್ಬೇಕು. ಹೊರಗೇ ಇರೋಣ, ಒಂದೊಂದೇ ಕೇಳೋಣ. ಕೇಳಿದ್ದು ಜನರ ಕಣ್ಣಿಗೆ ಕಾಣ್ಬೇಕು."

ಫ್ಲಾಸ್ಕಿನಲ್ಲಿ ಟೀ ತಂದಿರುವ ಅವರ ಯಜಮಾನರು ಟೈಲರ್, ಮನೆಯ ಅಡುಗೆಯೂ ಅವರದೇ. "ನಮ್ಮನೇಲೂ ಇದೇ ಕಥೆ ನೋಡಿ," ಎಂದು ನಗುತ್ತಾರೆ. "ಆಡಳಿತ ಅವಳದು, ಹೊರಗಿನ ಬೆಂಬಲ ನಂದು. ವಾಪಸ್ ತಗೊಂಡ್ರೆ ಇಬ್ರಿಗೂ ಉಪವಾಸ!"

ಬಸ್ಸು ಬರುತ್ತದೆಂದು ಹೇಳಿದ ಹೊತ್ತು ಮೀರುತ್ತದೆ. ವಯಸ್ಸಾದ ಆಯಾ ಒಬ್ಬರು ಚಪ್ಪಲಿ ಮೆಟ್ಟಿ ಏಳುತ್ತಾರೆ. "ನಡೀರೇ, ಇದೂ ಹೋದ್ಸಲದ ಹಾಗೇ." ದೊಡ್ಡಕ್ಕನ ಮುಖ ಬಾಡುತ್ತದೆ. ಫೋನು ಕೈಗೆ ಬರುತ್ತದೆ.

ಅಷ್ಟರಲ್ಲಿ ತಿರುವಿನಲ್ಲಿ ದೀಪ ಕಾಣುತ್ತದೆ. ಬಸ್ಸು ಬಂದು ನಿಲ್ಲುತ್ತದೆ. ಹೊರಟಿದ್ದ ಆಯಾ ಎಲ್ಲರಿಗಿಂತ ಮೊದಲು ಹತ್ತಿ, ಕಿಟಕಿ ಪಕ್ಕ ಕೂತು, ತಲೆ ಹೊರಹಾಕುತ್ತಾರೆ. "ದೊಡ್ಡಕ್ಕಾ, ನಾಳೇನೂ ಬರುತ್ತಾ?"

ದೊಡ್ಡಕ್ಕನ ಕಣ್ಣು ತುಂಬಿದೆ. ಬಸ್ಸು ಮರೆಯಾದ ಮೇಲೆ ಅಧ್ಯಕ್ಷರಿಗೆ ಫೋನ್ ಮಾಡುತ್ತಾರೆ. "ಬಂತು. ಕೈ ಎತ್ತಿ." ಮತ ಹಾಕುವುದನ್ನು ನೋಡಲು ನೀವೂ ಸದನಕ್ಕೆ ಬನ್ನಿ, ನಿಮ್ಮದೇ ಗೆಲುವಲ್ಲವೇ ಎಂದು ಅತ್ತಲಿಂದ ಕರೆ.

"ನಾನಲ್ಲಿ ಬಂದು ಏನ್ಮಾಡ್ಲಿ?" ಎನ್ನುತ್ತಾರೆ ದೊಡ್ಡಕ್ಕ. "ನಾಳೆ ಬೆಳಿಗ್ಗೆ ನೀವೇ ಇಲ್ಲಿಗೆ ಬನ್ನಿ. ಬಸ್ಸು ಬರುತ್ತಾ ಅಂತ ಒಟ್ಟಿಗೆ ನಿಂತು ನೋಡೋಣ."