ನಾಲ್ಕನೇ ಪ್ಲಗ್

ಸೋದರಮಾವ ತೀರಿಕೊಂಡ ಮೇಲೆ ಅವರ ಬಿಳಿ ಕಾರು ಶಿರಹಟ್ಟಿಯ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲೇ ನಿಂತುಬಿಟ್ಟಿತ್ತು. ಬಹಳ ಹಳೆಯ ಕಾರು. ಮುಂದಿನಿಂದ ಹ್ಯಾಂಡಲ್ ಚುಚ್ಚಿ ಕೈಯಿಂದಲೇ ಇಂಜಿನ್ ತಿರುಗಿಸಬಹುದಾದಂಥದ್ದು. ಮನೆಯಲ್ಲಿದ್ದ ಮಗಳು, ಅಳಿಯ ಇಬ್ಬರಿಗೂ ಸ್ಕೂಟರ್ ಸಾಕಾಗಿತ್ತು. ಕೊನೆಗೆ ಅತ್ತೆಯೇ ನನ್ನ ತಮ್ಮನಿಗೆ ಫೋನ್ ಮಾಡಿದರು.

"ನಿಂತಲ್ಲೇ ತುಕ್ಕು ಹಿಡ್ಯಾಕ ಹತ್ತೈತಿ. ರಿಪೇರಿ ಮಾಡ್ಕೊಂಡು ನೀನ ಒಯ್ದುಬಿಡಪಾ."

ತಮ್ಮನದು ಬೆಟಗೇರಿಯಲ್ಲಿ ಸಣ್ಣ ಗ್ಯಾರೇಜು. ಚಳಿಗಾಲದ ಒಂದು ಶನಿವಾರ ಅವನು ಹೊರಟಾಗ ನಾನೂ ಜೊತೆಗೆ ಹೋದೆ. ಕಾರಿನ ಕೆಲಸ ನನಗೇನೂ ಬಾರದು. ಅತ್ತೆಯ ಕೈ ರೊಟ್ಟಿ ತಿಂದು ಬಹಳ ದಿನವಾಗಿತ್ತು, ಅಷ್ಟೇ.

ಆ ಇಂಜಿನ್ನಿಗೆ ಕಿಡಿ ಹೊತ್ತಿಸುವ ನಾಲ್ಕು ಪ್ಲಗ್. ಮೂರು ಸುಲಭವಾಗಿ ಬಂದವು. ಅವುಗಳ ಜಾಗಕ್ಕೆ ತಮ್ಮ ಹೊಸವನ್ನು ಹಾಕಿದ. ನಾಲ್ಕನೆಯದು ಮಾತ್ರ ಕಬ್ಬಿಣದೊಳಗೆ ಕಬ್ಬಿಣ ಬೆಳೆದಂತೆ ಕಚ್ಚಿಕೊಂಡಿತ್ತು. ಅದರ ತಲೆಗೆ ಪಾನಾ ಹಾಕಿ ಜಗ್ಗಿದರೆ ಇಡೀ ಕಾರು ಅಲುಗುತ್ತಿತ್ತು, ಪ್ಲಗ್ ಅಲುಗುತ್ತಿರಲಿಲ್ಲ.

"ಜೋರು ಮಾಡಿದ್ರ ಮುರೀತೈತಿ ಅಕ್ಕಾ. ಮುರೀತಂದ್ರ ಇಂಜಿನ್ ಬಿಚ್ಚಬೇಕಾಕ್ಕೈತಿ," ಎಂದು ಅದರ ಬುಡಕ್ಕೆ ಎಣ್ಣೆ ಬಿಟ್ಟು ರಾತ್ರಿ ಹಾಗೇ ನೆನೆಯಲು ಬಿಟ್ಟ.

ಮರುದಿನ ಮಗಳು ಅಳಿಯ ಲಕ್ಷ್ಮೇಶ್ವರಕ್ಕೆ ಮದುವೆಗೆ ಹೋದರು. ಮನೆಯಲ್ಲಿ ಉಳಿದವರು ನಾವು ಮೂವರೇ. ಮಟಮಟ ಮಧ್ಯಾಹ್ನ; ಓಣಿಯಲ್ಲಿ ನಾಯಿಯೂ ಬೊಗಳುತ್ತಿರಲಿಲ್ಲ. ಅಡುಗೆಮನೆಯಿಂದ ಅತ್ತೆ ರೊಟ್ಟಿ ಬಡಿಯುವ ಸದ್ದೊಂದೇ ಹಿತ್ತಲಿಗೆ ಕೇಳುತ್ತಿತ್ತು.

ತಮ್ಮ ಪ್ಲಗ್ಗನ್ನು ಒಂದಿಷ್ಟು ಬಿಚ್ಚುವ ಕಡೆಗೆ, ಒಂದಿಷ್ಟು ಬಿಗಿಯುವ ಕಡೆಗೆ ಮೆಲ್ಲಗೆ ತಿರುವುತ್ತಿದ್ದ. ಒಮ್ಮೆಲೇ ಅದು ಚೀರಿತು. ಕಬ್ಬಿಣದ ಸದ್ದೇ ಅದು, ಆದರೂ ನಾನು ಹಿಂದೆ ಸರಿದೆ. ಪ್ಲಗ್ ಹೊರಬಂತು. ಅದಿದ್ದ ಜಾಗದಲ್ಲಿ ಹೆಬ್ಬೆರಳು ಹಿಡಿಯುವಷ್ಟು ಕಪ್ಪು ತೂತು.

"ಒಳಗ ತುಕ್ಕಿನ ಪುಡಿ ಬಿದ್ದಿರತೈತಿ. ಇಂಜಿನ್ ತಿರುವಿದ್ರ ಊದಿ ಹೊರಗ ಹಾಕತೈತಿ," ಎಂದು ಅವನು ಮುಂದೆ ಹೋಗಿ ಹ್ಯಾಂಡಲ್ ಚುಚ್ಚಿ ನಿಧಾನವಾಗಿ ತಿರುಗಿಸಿದ.

ತೂತು ಗಾಳಿಯನ್ನು ಒಳಗೆಳೆದುಕೊಂಡಿತು. ಸಣ್ಣಗೆ, ಬಿಗಿಯಾಗಿ. ಒಂದು ಕ್ಷಣ ತಡೆಯಿತು. ಆಮೇಲೆ ಹೊರಗೆ ಬಿಟ್ಟಿತು. ಕೊನೆಯಲ್ಲಿ ಕೊಳಲಿನಂಥ ಒಂದು ತೆಳ್ಳನೆಯ ಸಿಳ್ಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾವನಿಗೆ ದಮ್ಮು ಇತ್ತು. ಶಾಲೆಯ ಸೂಟಿಗೆ ಬಂದಾಗ ನಾವು ಮಕ್ಕಳು ಪಡಸಾಲೆಯಲ್ಲಿ ಮಲಗಿ, ಗೋಡೆಯಾಚೆಯ ಅವರ ಉಸಿರು ಕೇಳುತ್ತಲೇ ಬೆಳೆದವರು. ಅದೇ ಎಳೆತ, ಅದೇ ತಡೆ, ಕೊನೆಗೆ ಅದೇ ಸಿಳ್ಳು.

ತಮ್ಮ ಇನ್ನೊಂದು ಸುತ್ತು ತಿರುಗಿಸಿದ. ಮತ್ತೆ ಬಂತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತಿತ್ತು. ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಹಿಟ್ಟಿನ ಕೈಯಲ್ಲೇ, ಹಬೆಯಾಡುವ ಬಿಸಿನೀರಿನ ಲೋಟ ಹಿಡಿದು ಅತ್ತೆ ಅವಸರದಿಂದ ಹಿತ್ತಲಿಗೆ ಬಂದರು.

"ತಡೀರಿ, ಬಿಸಿನೀರು ತಂದೀನಿ. ಮಲಗಬ್ಯಾಡ್ರಿ, ಎದ್ದು ಕುಂಡ್ರಿ," ಎನ್ನುತ್ತ ಶೆಡ್ಡಿನೊಳಕ್ಕೆ ಬಂದವರು, ನಮ್ಮನ್ನು ಕಂಡು ನಿಂತುಬಿಟ್ಟರು.

ಮಾವನಿಗೆ ದಮ್ಮು ಹತ್ತಿದಾಗಲೆಲ್ಲ ಅವರು ಹೀಗೇ ಬಿಸಿನೀರು ತರುತ್ತಿದ್ದರು. 'ಕುಂಡ್ರಿ' ಎಂದದ್ದು ನಮಗಲ್ಲ.

"ಅತ್ತಿ, ಇಂಜಿನ್ ಗಾಳಿ ಅದು," ಎಂದ ತಮ್ಮ.

ಅತ್ತೆ ಅವನತ್ತ ನೋಡಲಿಲ್ಲ. ಬಾನೆಟ್ ಕೆಳಗೆ ಬಗ್ಗಿ, "ಇನ್ನೊಮ್ಮೆ ತಿರುವಪಾ," ಎಂದರು.

ಅವನು ನನ್ನ ಮುಖ ನೋಡಿದ. ನಾನು ಬೇಡವೆನ್ನುವಷ್ಟರಲ್ಲಿ ತಿರುಗಿಸಿದ್ದ. ಅತ್ತೆ ಕಣ್ಣು ಮುಚ್ಚಿ, ತೂತಿನ ಹತ್ತಿರ ಕಿವಿ ಇಟ್ಟು ಕೇಳಿದರು. ತಮ್ಮ ಹ್ಯಾಂಡಲ್ ಕಳಚಿ ನೆಲಕ್ಕಿಟ್ಟ. ಅದಾದ ಮೇಲೆ, ಯಾರೂ ಮುಟ್ಟದೆ ಇದ್ದಾಗ, ಇಂಜಿನ್ನಿನೊಳಗೆ ಏನೋ ಕದಲಿ ಒಂದು ಉಸಿರು ಹೊರಬಂತು. ಅತ್ತೆಯ ಹಣೆಯ ಮೇಲಿನ ನರೆಗೂದಲು ಅಲುಗಿದ್ದನ್ನು ನಾನು ಕಂಡೆ.

"ಉಳಿದ ಮೂರರಾಗ ಗಾಳಿ ಕಟ್ಟಿರತೈತಿ. ಅದು ಹೊಳ್ಳಿ ದಬ್ಬತೈತಿ," ಎಂದು ತಮ್ಮ ಜಲ್ದಿ ಜಲ್ದಿ ಹೇಳಿದ. ಯಾರೂ ಕೇಳಿರಲಿಲ್ಲ.

ಅವನು ಹೊಸ ಪ್ಲಗ್ ಕೈಗೆತ್ತಿಕೊಂಡಾಗ ಅತ್ತೆ ತಡೆದರು. "ಈಗ ಮುಚ್ಚಬ್ಯಾಡೋ. ಉಂಡು ಬರ್ರಿ ಹೋಗ್ರಿ. ಬಡಿಸಿಕೊಟ್ಟು ಬಂದು ನಾ ಇಲ್ಲಿ ಇರ್ತೀನಿ."

ಅತ್ತೆಯ ಹಿಂದೆ ನಾನು ಒಳಗೆ ಹೋದೆ; ತಮ್ಮ ಸ್ವಲ್ಪ ತಡವಾಗಿ ಬಂದು ತಟ್ಟೆ ಮುಂದಿಟ್ಟುಕೊಂಡು ಕೂತ. ಬಡಿಸಿ ಅತ್ತೆ ಶೆಡ್ಡಿಗೆ ಮರಳಿದರು. ಹಿತ್ತಲಿನಿಂದ ಅತ್ತೆ ಮೆಲ್ಲಗೆ ಮಾತಾಡುವುದು ಕೇಳುತ್ತಿತ್ತು. ಮಳೆ ಬಾರದ್ದು, ಮಗಳ ವರ್ಗಾವಣೆ, ನೆರೆಮನೆಯ ಎಮ್ಮೆ ಈದದ್ದು. ಊರಿಂದ ಬಂದವರಿಗೆ ಹೇಳುವ ಖಬರೆಲ್ಲ ಹೇಳುತ್ತಿದ್ದರು. ನಡುನಡುವೆ ಸುಮ್ಮನಾಗುತ್ತಿದ್ದರು, ಎದುರಿನವರಿಗೆ ಮಾತಾಡಲು ಬಿಟ್ಟಂತೆ.

ನಾವು ಶೆಡ್ಡಿಗೆ ಹೋದಾಗ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಆತು, ಮುಚ್ಚಪಾ ಇನ್ನ. ಎಷ್ಟಂತ ತೇಕ್ಕೋತ ಇರಬೇಕು ಅವರರ?"

ತಮ್ಮ ತೂತಿನ ತುಕ್ಕು ಒರೆಸಿ, ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದ, ಆಮೇಲೆ ಪಾನಾದಿಂದ ಕೂರಿಸಿದ. ತಾನು ತಂದಿದ್ದ ಹೊಸ ಬ್ಯಾಟರಿ ಜೋಡಿಸಿದ. ಕೀಲಿ ತಿರುಗಿಸಿದಾಗ ಇಂಜಿನ್ ಕೆಮ್ಮಿ, ಹೊಗೆ ಉಗುಳಿ, ಶುರುವಾಯಿತು. ನಾಲ್ಕೂ ಒಂದೇ ಸಮ ನಡೆಯುತ್ತಿದ್ದವು. ಅತ್ತೆ ನಮಗೆ ಕುಂಕುಮವಿಟ್ಟು, ಬುತ್ತಿ ಕಟ್ಟಿಕೊಟ್ಟು, ನಗುತ್ತಲೇ ಬೀಳ್ಕೊಟ್ಟರು. ಆ ನಗು ನಮ್ಮ ನಗುವಿಗಿಂತ ಎಷ್ಟೋ ನಿರಾಳವಾಗಿತ್ತು.

ಮಾಗಡಿ ಕೆರೆಯ ಹತ್ತಿರ ಬಂದಾಗ ಹೊತ್ತು ಇಳಿಯುತ್ತಿತ್ತು. ಹೊಲಗಳಿಗೆ ಹೋಗಿದ್ದ ಹಕ್ಕಿಗಳು ಸಾಲುಸಾಲಾಗಿ ನೀರಿಗೆ ಮರಳುತ್ತಿದ್ದವು. ತಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ:

"ಅಕ್ಕಾ, ನಾ ಹ್ಯಾಂಡಲ್ ತೆಗೆದ ಮ್ಯಾಲ ನಿನಗ ಎಷ್ಟ ಸಲ ಕೇಳ್ತು?"

"ಒಂದ ಸಲ. ನೀನ ಹೇಳಿದೆಲ್ಲಾ, ಗಾಳಿ ಹೊಳ್ಳಿ ದಬ್ಬತೈತಿ ಅಂತ."

"ಹೌದು. ಒಂದ ಸಲ ದಬ್ಬತೈತಿ," ಎಂದ. ಸ್ವಲ್ಪ ದೂರ ಸಾಗಿದ ಮೇಲೆ ಹೇಳಿದ: "ಊಟಕ್ಕಂತ ನೀವಿಬ್ಬರೂ ಶೆಡ್ಡಿನ ಹೊರಗ ಹೋದಿರಿ. ನಾ ಪಾನಾ ಆರಿಸಿಕೊಳ್ಳಾಕ ಹಿಂದ ಉಳಿದಿದ್ದೆ. ಆಗ ಅದು ಉಸಿರು ಒಳಗ ಎಳಕೊಂಡಿದ್ದು ಕೇಳ್ತು."