ಮಗು ಮೀಯಿಸಲು ಬರುತ್ತಿದ್ದ ಅಕ್ಕ

ಅವರ ಅಂಗೈ ಬಿಸಿನೀರಿಗೆ ಸದಾ ಕೆಂಪಗಿರುತ್ತಿತ್ತು, ಬೆರಳ ತುದಿಗಳು ನೆನೆದು ಸುಕ್ಕುಗಟ್ಟಿರುತ್ತಿದ್ದವು. ಆ ಕೈಗಳ ಬಗ್ಗೆ ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ಈಗ ಮನೆಯಲ್ಲಿ ಕೇಳುವವರು ಯಾರೂ ಇಲ್ಲ. ಅದಕ್ಕೇ ಧೈರ್ಯ ಬಂತೋ ಏನೋ.

ಎಪ್ಪತ್ತರ ದಶಕದಲ್ಲಿ ಇನ್ನಂಜೆಯ ಸುತ್ತ ಎಲ್ಲಿ ಹೆರಿಗೆಯಾದರೂ ಬಾಣಂತಿಯನ್ನೂ ಮಗುವನ್ನೂ ಮೀಯಿಸಲು ಅವರೇ ಬರಬೇಕಿತ್ತು. ನಮಗೆಲ್ಲ ಅವರು ಅಕ್ಕ. ಗಂಡನಿಲ್ಲ, ಮಕ್ಕಳಿಲ್ಲ. ಊರಿನ ಕೂಸುಗಳನ್ನು ಕಾಲ ಮೇಲೆ ಮಲಗಿಸಿಕೊಂಡು, "ಅಳು, ಜೋರಾಗಿ ಅಳು, ನಿನ್ನಪ್ಪನಿಗೆ ನಿದ್ದೆ ಬರಬಾರದು" ಎಂದು ಎಣ್ಣೆ ತಿಕ್ಕುತ್ತಿದ್ದರು. ನಮ್ಮ ಮಗಳು ಹುಟ್ಟಿದಾಗಲೂ ಬಂದರು. ಮಗುವಿನ ಮೈ ಒರೆಸುವ ಬೈರಾಸನ್ನು ಬೇರೆಯೇ ಒಗೆದು ಬಿಸಿಲಿಗೆ ಹಾಕುತ್ತಿದ್ದರು.

ಆಗ ನನ್ನ ಕುತ್ತಿಗೆಯಲ್ಲೊಂದು ಕುರು ಎದ್ದಿತ್ತು. ನಾನೇ ಹಿಸುಕಿ, ಕೀವನ್ನು ಕೈಗೆ ಸಿಕ್ಕಿದ ಆ ಬೈರಾಸಿನಲ್ಲೇ ಒರೆಸಿಕೊಂಡೆ. ಅಕ್ಕ ನೋಡಿಬಿಟ್ಟರು.

"ಎಂತ ಮಾರಾಯ್ರೆ ಇದು! ಅದು ಒಣಗುವವರೆಗೆ ಮಗುವನ್ನು ಎತ್ತಬೇಡಿ."

"ನೀವು ಡಾಕ್ಟರಾದದ್ದು ಯಾವಾಗ?" ಎಂದೆ.

ಅವರು ಬೈರಾಸನ್ನು ಕುದಿಯುವ ನೀರಿಗೆ ಹಾಕಿದರು. ಅವರು ಮನೆಗೆ ಹೋದ ಮೇಲೆ ನಾನು ಹಟಕ್ಕೆಂಬಂತೆ ಮಗುವನ್ನು ಎತ್ತಿ ಕುತ್ತಿಗೆಗೆ ಒರಗಿಸಿಕೊಂಡೆ.

ಕೆಲವೇ ದಿನಗಳಲ್ಲಿ ಮಗುವಿನ ಮೈಮೇಲೆ ಕೀವಿನ ಗುಳ್ಳೆಗಳೆದ್ದವು. ಜ್ವರ ಏರಿತು, ಒಂದು ಕಾಲು ಆಡುವುದು ನಿಂತಿತು. ಮಣಿಪಾಲಕ್ಕೆ ಓಡಿದೆವು. ನಂಜು ರಕ್ತಕ್ಕೆ ಸೇರಿ ಸೊಂಟದ ಕೀಲಿನಲ್ಲಿ ಕೀವು ತುಂಬಿದೆ ಎಂದರು ಡಾಕ್ಟರು. "ಮಗುವನ್ನು ಮುಟ್ಟುವವರಲ್ಲಿ ಯಾರಿಗಾದರೂ ಕುರು, ಕಜ್ಜಿ ಉಂಟಾ?"

ನಾನು ಅಂಗಿಯ ಕಾಲರನ್ನು ಮೇಲೆಳೆದುಕೊಂಡೆ. "ಮೀಯಿಸಲು ಒಬ್ಬರು ಬರುತ್ತಾರೆ. ನಾಲ್ಕಾರು ಮನೆ ಸುತ್ತುವವರು."

ಪಕ್ಕದಲ್ಲಿದ್ದ ನನ್ನ ಹೆಂಡತಿಗೆ ಅಷ್ಟು ಸಾಕಾಯಿತು. ಮಗಳು ಬದುಕಿದಳು, ಆದರೆ ಕಾಲು ಕುಂಟಾಯಿತು. ಅಕ್ಕನ ಕೈಯಲ್ಲಿ ನಂಜುಂಟು ಎಂಬ ಮಾತು ನಮ್ಮ ಮನೆಯಿಂದಲೇ ಊರಿಗೆಲ್ಲ ಹಬ್ಬಿತು. ಮತ್ತೆ ಯಾವ ಮನೆಯವರೂ ಅವರನ್ನು ಕರೆಯಲಿಲ್ಲ. ಸತ್ಯ ಗೊತ್ತಿದ್ದವರು ನಾನು ಮತ್ತು ಅಕ್ಕ, ಇಬ್ಬರೇ. ಅವರು ಯಾಕೆ ಬಾಯಿಬಿಡಲಿಲ್ಲವೋ ಇಂದಿಗೂ ನನಗೆ ತಿಳಿಯದು.

ಮಗಳು ಶಾಲೆಗೆ ಸೇರಿದ ಮೇಲೊಮ್ಮೆ ಕಾಪು ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಿದರು. ಕಾರ್ಕಳದ ಯಾವುದೋ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸವಂತೆ.

"ಮಗಳು ನಡೆಯುತ್ತಾಳಾ?"

"ನಡೆಯುತ್ತಾಳೆ."

"ಓಡುತ್ತಾಳಾ?"

ನಾನು ರಸ್ತೆಯತ್ತ ತಿರುಗಿದೆ. ಬಸ್ಸು ಬಂತು. "ನನ್ನನ್ನು ಕಂಡರೆ ಈಗ ಮಕ್ಕಳನ್ನು ಒಳಗೆ ಕರೆಯುತ್ತಾರೆ, ಅಲ್ವಾ?" ಎಂದು ನಕ್ಕು ಹತ್ತಿದರು. ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಅವರು ಕಾರ್ಕಳದಲ್ಲೇ ತೀರಿಕೊಂಡರೆಂಬ ಸುದ್ದಿ ಬಹಳ ತಡವಾಗಿ ಬಂತು. ನನ್ನ ಹೆಂಡತಿ ಮಗಳ ಕಾಲಿಗೆ ಎಣ್ಣೆ ತಿಕ್ಕುವಾಗಲೆಲ್ಲ ಅವರನ್ನು ಶಪಿಸುತ್ತಿದ್ದಳು. ತಾನು ಸಾಯುವವರೆಗೂ ಅದನ್ನು ಬಿಡಲಿಲ್ಲ. ನಾನು ಪಕ್ಕದಲ್ಲೇ ಕುಳಿತು ಊಟ ಮಾಡುತ್ತಿದ್ದೆ.

ಅದು ನನಗೆ ಸೇರಬೇಕಾದ ಶಾಪ, ಅಕ್ಕ.